ಮೊದಲು ಪ್ರಮಾಣಪತ್ರ ತನ್ನಿ ಎನ್ನಬೇಡಿ
ಮಂಡ್ಯ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಬಹಿರಂಗ ಪತ್ರ

ಗುತ್ತಲು, ಮಂಡ್ಯ

ಮಾನ್ಯ ಕುಲಪತಿಗಳೇ,

ಪದವಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ ಗುತ್ತಲಿನಲ್ಲಿ ನೆಲೆಸಿದವನು ನಾನು. ಅರ್ಕೇಶ್ವರಸ್ವಾಮಿ ಗುಡಿಯ ಆಸುಪಾಸಿನ ನಮ್ಮ ಬೀದಿಗಳಲ್ಲಿ ಮದ್ದೂರು, ಮಳವಳ್ಳಿ ಸೀಮೆಯಿಂದ ಓದಲು ಬಂದ ಮಕ್ಕಳು ರೂಮು ಮಾಡಿಕೊಂಡಿರುತ್ತಾರೆ. ದಾಖಲೆಯಲ್ಲಿ ಹುಡುಗ ಎಂದಿದ್ದು ಒಳಗೆ ತಾನು ಹೆಣ್ಣೆಂದು ಬಲ್ಲವರು, ಹುಡುಗಿ ಎಂದು ಬರೆಸಿಕೊಂಡು ಗಂಡಾಗಿ ಬದುಕಬಯಸುವವರು, ಎರಡರಲ್ಲಿ ಯಾವುದೂ ತಾನಲ್ಲ ಎನ್ನುವವರು ಈ ಮಕ್ಕಳಲ್ಲೂ ಇದ್ದಾರೆ. ಈ ಪತ್ರ ಅವರ ಪರವಾಗಿ. ನನ್ನನ್ನು ನಂಬಿ ಹೇಳಿಕೊಂಡ ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ತನ್ನನ್ನು ಯಾವ ಹೆಸರಿನಿಂದ ಕರೆಯಬೇಕು ಎಂದು ವಿದ್ಯಾರ್ಥಿಯೊಬ್ಬರು ಬರೆದುಕೊಟ್ಟರೆ, ಹಾಜರಾತಿ ಪುಸ್ತಕದಲ್ಲಿ, ಗುರುತಿನ ಚೀಟಿಯಲ್ಲಿ, ತರಗತಿಯಲ್ಲಿ ಅದೇ ಹೆಸರು ನಡೆಯಬೇಕು. ಅದಕ್ಕಾಗಿ ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನಾಗಲಿ, ವೈದ್ಯರ ಚೀಟಿಯನ್ನಾಗಲಿ, ಅಪ್ಪ ಅಮ್ಮನ ಸಹಿಯನ್ನಾಗಲಿ ಕೇಳಕೂಡದು. ಇಷ್ಟನ್ನು ಹೇಳುವ ಒಂದು ಸುತ್ತೋಲೆಯನ್ನು ನೀವು ಹೊರಡಿಸಬೇಕು.

ಇದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ಹತ್ತನೇ ತರಗತಿಯ ಅಂಕಪಟ್ಟಿಯ ಹೆಸರು ಹೇಗೆ ಬೆನ್ನು ಹತ್ತುತ್ತದೆಂದು ನೋಡಿ. ಎಸ್ಸೆಸ್ಸೆಲ್ಸಿಯಿಂದ ಪಿಯುಸಿಗೆ, ಅಲ್ಲಿಂದ ಯುಯುಸಿಎಂಎಸ್ ತಂತ್ರಾಂಶಕ್ಕೆ, ಅಲ್ಲಿಂದ ಪರೀಕ್ಷೆಯ ಪ್ರವೇಶಪತ್ರಕ್ಕೆ, ಕೊನೆಗೆ ಪದವಿಯ ಅಂಕಪಟ್ಟಿಗೆ ಅದೇ ಹೆಸರು, ಅದೇ ಲಿಂಗ. ಕೂದಲು ಬಿಟ್ಟ, ಕಿವಿ ಚುಚ್ಚಿಸಿಕೊಂಡ, ಉಡುಪು ಬದಲಿಸಿದ ವಿದ್ಯಾರ್ಥಿ ಪರೀಕ್ಷಾ ಕೊಠಡಿಗೆ ಬಂದಾಗ ಮೇಲ್ವಿಚಾರಕರು ಪ್ರವೇಶಪತ್ರದ ಫೋಟೋವನ್ನೊಮ್ಮೆ ಮುಖವನ್ನೊಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಪ್ರಶ್ನೆ ಹಾಕುತ್ತಾರೆ. ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆಯೇ ಆ ಜೀವ ಕುಗ್ಗಿಹೋಗುತ್ತದೆ. ಬೇರೆ ಜಿಲ್ಲೆಯ ಕಾಲೇಜೊಂದರಲ್ಲಿ ಓದಿ ನಮ್ಮ ಬೀದಿಯಲ್ಲಿ ಕೆಲಕಾಲ ಇದ್ದ ಒಬ್ಬರು ಹೀಗೆಯೇ ಅರ್ಧಕ್ಕೆ ಓದು ಬಿಟ್ಟರು. ಚೆನ್ನಾಗಿ ಓದುತ್ತಿದ್ದವರು. ಹಾಜರಿ ಕರೆಯುವ ಆ ಎರಡು ನಿಮಿಷ ಮುಗಿದರೆ ಸಾಕು, ಉಳಿದ ದಿನವನ್ನು ಹೇಗಾದರೂ ಕಳೆಯುತ್ತಿದ್ದೆ ಎಂದು ಹೇಳಿದ್ದರು.

ದಾಖಲೆ ತಿದ್ದಿಸಿಕೊಳ್ಳಲು ಕಾನೂನಿದೆಯಲ್ಲ ಎಂದು ನಿಮ್ಮ ಕಚೇರಿಯವರು ಹೇಳಬಹುದು. ಇದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ಪ್ರಕರಣದಲ್ಲಿ, ತನ್ನ ಲಿಂಗತ್ವ ಯಾವುದೆಂದು ನಿರ್ಧರಿಸುವ ಹಕ್ಕು ಆ ವ್ಯಕ್ತಿಯದೇ ಎಂದಿತು. 2019ರಲ್ಲಿ ಸಂಸತ್ತು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯ್ದೆ ಮಾಡಿತು, 2020ರಲ್ಲಿ ನಿಯಮಗಳು ಬಂದವು, ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯಲು ರಾಷ್ಟ್ರೀಯ ಪೋರ್ಟಲ್ ಕೂಡ ಶುರುವಾಯಿತು. ಅಂಕಪಟ್ಟಿಗಳಲ್ಲಿ ಹೆಸರು ಮತ್ತು ಲಿಂಗ ತಿದ್ದಿಕೊಡಿ ಎಂದು ನಮ್ಮ ಹೈಕೋರ್ಟೂ ಆದೇಶಿಸಿದೆ. ಆದರೆ ಪ್ರಮಾಣಪತ್ರದ ನಂತರ ಆಧಾರ್, ಆಮೇಲೆ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಕಡೆಗೆ ವಿಶ್ವವಿದ್ಯಾಲಯ ಎಂದು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ನಡುವೆ ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದಷ್ಟು ದಿನ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಿದ ವಿದ್ಯಾರ್ಥಿವೇತನದ ಅರ್ಜಿ ತೊಡಕಿಗೆ ಸಿಗುತ್ತದೆ. ಮೂರು ವರ್ಷದ ಪದವಿ ಇದರಲ್ಲೇ ಮುಗಿದುಹೋದೀತು.

ಇದಕ್ಕಿಂತ ದೊಡ್ಡ ತೊಡಕು ಮನೆ. ಊರಲ್ಲಿ ಯಾರಿಗೂ ಗೊತ್ತಿಲ್ಲದೆ, ಮಂಡ್ಯದಲ್ಲಿ ಮಾತ್ರ ಒಬ್ಬಿಬ್ಬರು ಗೆಳೆಯರೊಡನೆ ತಾನು ತಾನಾಗಿ ಇರುವವರು ಎಷ್ಟೋ ಮಂದಿ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಅಂಚೆ ಊರಿನ ವಿಳಾಸಕ್ಕೆ ಹೋಗುವ ಭಯ. ಕಾಲೇಜಿನಲ್ಲಿ ಬಾಯಿಬಿಟ್ಟರೆ ಪ್ರಾಂಶುಪಾಲರು ಅಪ್ಪನಿಗೆ ಫೋನ್ ಮಾಡುವ ಭಯ. ಫೋನ್ ಹೋದ ಮರುದಿನವೇ ಓದು ಬಿಡಿಸಿ ಕರೆದೊಯ್ಯುತ್ತಾರೆ, ಹೊಡೆಯುತ್ತಾರೆ, ಮದುವೆಗೆ ಹೆಣ್ಣೋ ಗಂಡೋ ನೋಡುತ್ತಾರೆ. ಹದಿನೆಂಟು ದಾಟಿದ ವಿದ್ಯಾರ್ಥಿಯ ಈ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಮನೆಗೆ ತಿಳಿಸಬಾರದು ಎಂಬ ಸಾಲು ನಿಮ್ಮ ಸುತ್ತೋಲೆಯಲ್ಲಿ ಇರಲೇಬೇಕು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಕಾಳಜಿಯಿಂದಲೇ ಫೋನ್ ಮಾಡುವ ಅಧ್ಯಾಪಕರಿದ್ದಾರೆ, ಬಲ್ಲೆ. ಆ ಕಾಳಜಿಯ ಪರಿಣಾಮವನ್ನು ಅನುಭವಿಸುವವರು ಮಾತ್ರ ಅವರಲ್ಲ.

ಕಾಯ್ದೆಗೆ ಯಾವ ತಿದ್ದುಪಡಿ ಬಂದರೂ ತರಗತಿಯಲ್ಲಿ ಕರೆಯುವ ಹೆಸರು ನಿಮ್ಮ ಅಧಿಕಾರದಲ್ಲೇ ಉಳಿಯುತ್ತದೆ. ಅಂಕಪಟ್ಟಿಯ ಹೆಸರು ಕಾನೂನಿನ ದಾರಿಯಲ್ಲೇ ಬದಲಾಗಲಿ, ಅಲ್ಲಿಯವರೆಗೆ ಹೆಸರೊಂದನ್ನು ಆಂತರಿಕವಾಗಿ ಬಳಸಲು ಯಾರ ಅಪ್ಪಣೆಯೂ ಬೇಡ. ಪರೀಕ್ಷಾಂಗ ಕುಲಸಚಿವರು ಮೇಲ್ವಿಚಾರಕರಿಗೆ ಕೊಡುವ ಸೂಚನೆಯಲ್ಲಿ ಒಂದು ಮಾತು ಸೇರಿಸಿದರೆ ಸಾಕು: ಗುರುತಿನ ಬಗ್ಗೆ ಅನುಮಾನ ಬಂದರೆ ಕೊಠಡಿಯ ಹೊರಗೆ ಮೆಲ್ಲಗೆ ವಿಚಾರಿಸಿ, ಪರೀಕ್ಷೆ ಬರೆಯಲು ಬಿಡಿ.

ಇನ್ನು ದೂರು ಹೇಳಿಕೊಳ್ಳುವ ಜಾಗ. ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಕಿರುಕುಳದ ದೂರು ಕೊಡಲು ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಸಮಿತಿ ಇರಬೇಕೆಂದು 2020ರ ನಿಯಮಗಳು ಹೇಳುತ್ತವೆ. ಕಿರುಕುಳ ಕೊಡುವವರು ಅಧ್ಯಾಪಕರೇ ಆಗಿರಬಹುದು ಎಂಬುದನ್ನೂ ಆ ನಿಯಮಗಳು ಮರೆತಿಲ್ಲ. 2016ರಲ್ಲಿ ಯುಜಿಸಿ ತನ್ನ ರ‍್ಯಾಗಿಂಗ್ ತಡೆ ನಿಯಮಗಳಿಗೆ ತಿದ್ದುಪಡಿ ತಂದು, ಲಿಂಗತ್ವದ ಕಾರಣಕ್ಕೆ, ಲೈಂಗಿಕ ಒಲವಿನ ಕಾರಣಕ್ಕೆ ನಡೆಸುವ ಹಿಂಸೆಯನ್ನೂ ರ‍್ಯಾಗಿಂಗ್ ಎಂದು ಸೇರಿಸಿತು. ಲೈಂಗಿಕ ಕಿರುಕುಳ ತಡೆಯುವ ಯುಜಿಸಿಯ 2015ರ ನಿಯಮಗಳಲ್ಲೂ ತೃತೀಯ ಲಿಂಗಿ ವಿದ್ಯಾರ್ಥಿಗಳ ಉಲ್ಲೇಖವಿದೆ. ಇವೆಲ್ಲ ವಿದ್ಯಾರ್ಥಿಗೆ ಗೊತ್ತಾಗುವುದು ಎಲ್ಲಿ? ಸೂಚನಾಫಲಕದಲ್ಲಿ ರ‍್ಯಾಗಿಂಗ್ ಸಹಾಯವಾಣಿಯ ನಂಬರಿನ ಪಕ್ಕದಲ್ಲಿ ಇದನ್ನು ಕನ್ನಡದಲ್ಲಿ ಬರೆಸಿ. ಸಮಿತಿಯಲ್ಲಿ ಜಿಲ್ಲೆಯ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರೊಬ್ಬರು ಕೂರಲಿ. ಬರೀ ನಮ್ಮಂಥವರೇ ಕೂತ ಸಮಿತಿಯ ಮುಂದೆ ಆ ಮಕ್ಕಳಿಗೆ ಬಾಯಿ ಬರುವುದಿಲ್ಲ.

ಶೌಚಾಲಯಕ್ಕೆ ಹೊಸ ಕಟ್ಟಡದ ಅನುದಾನ ಬರಲಿ ಎಂದು ಕಾಯಬೇಕಿಲ್ಲ. ಒಳಗಿನಿಂದ ಚಿಲಕವಿರುವ ಒಂದು ಒಂಟಿ ಶೌಚಾಲಯವನ್ನು ಯಾರು ಬೇಕಾದರೂ ಬಳಸಬಹುದೆಂದು ಫಲಕ ಹಾಕಿದರೆ ಕೆಲಸ ಶುರು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ರೂಮಿಗೆ ಹೋಗುವವರೆಗೆ ನೀರು ಕುಡಿಯದೆ ಇರುವ ವಿದ್ಯಾರ್ಥಿಗಳಿದ್ದಾರೆ ಸ್ವಾಮಿ.

ವಸತಿಯದು ಕಷ್ಟದ ಮಾತು. ಬಿಸಿಎಂ ಹಾಸ್ಟೆಲ್ಲು, ಸಮಾಜ ಕಲ್ಯಾಣದ ಹಾಸ್ಟೆಲ್ಲು ನಿಮ್ಮ ಕೈಯಲ್ಲಿಲ್ಲ, ಅವು ಹುಡುಗರವು ಇಲ್ಲವೇ ಹುಡುಗಿಯರವು. ಖಾಸಗಿ ರೂಮು ಕೊಡುವ ನಮ್ಮ ಗುತ್ತಲಿನ ಮನೆ ಮಾಲೀಕರು ಮುಖ ನೋಡಿ ಬಾಗಿಲು ಹಾಕುವುದೂ ಉಂಟು. ಊರಿಂದಲೇ ಓಡಾಡೋಣವೆಂದರೆ ಮದ್ದೂರಿಗಾದರೆ ರೈಲಿದೆ, ಮಳವಳ್ಳಿಯವರಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಶುರುವಾದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಮಹಿಳೆಯರಿಗಷ್ಟೇ ಅಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಸಲ್ಲುತ್ತದೆ. ಆದರೆ ಗಂಡಸು ಎಂದಿರುವ ಆಧಾರ್ ತೋರಿಸಿ ಕಂಡಕ್ಟರ್ ಬಳಿ ಶೂನ್ಯ ಟಿಕೆಟ್ ಕೇಳುವ ಧೈರ್ಯ ಹತ್ತೊಂಬತ್ತರ ಪ್ರಾಯದವರಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಪ್ರಮಾಣಪತ್ರ ಬೇಕೆನ್ನುವವರಿಗೆ ಅದನ್ನು ಕೊಡಿಸುವ ಹೊಣೆ ವಿಶ್ವವಿದ್ಯಾಲಯದ್ದಾಗಲಿ. ನಂಬಿಕಸ್ಥ ಅಧ್ಯಾಪಕರೊಬ್ಬರನ್ನು ನೇಮಿಸಿ. ಪೋರ್ಟಲ್‌ನಲ್ಲಿ ಅರ್ಜಿ ತುಂಬಿಸುವುದು, ಜಿಲ್ಲಾಧಿಕಾರಿ ಕಚೇರಿಗೆ ಜೊತೆಗೆ ಹೋಗುವುದು, ಕೇಂದ್ರದ ಸ್ಮೈಲ್ ಯೋಜನೆಯಲ್ಲಿ ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರದವರೆಗೆ ವರ್ಷಕ್ಕೆ 13,500 ರೂಪಾಯಿ ವಿದ್ಯಾರ್ಥಿವೇತನ ಇದೆ ಎಂದು ತಿಳಿಸುವುದು, ಹಾಸ್ಟೆಲ್ ಅಧಿಕಾರಿಗಳೊಡನೆ ಮಾತಾಡಿ ಒಂದು ಪ್ರತ್ಯೇಕ ಕೊಠಡಿ ಬಿಡಿಸುವುದು, ಇವೆಲ್ಲ ಅವರ ಕೆಲಸದ ಅವಧಿಯೊಳಗೇ ಲೆಕ್ಕಕ್ಕೆ ಬರಲಿ. ಪುಣ್ಯಕಾರ್ಯ ಎಂದು ಯಾರ ತಲೆಗಾದರೂ ಕಟ್ಟಿದರೆ ಎರಡನೇ ವರ್ಷಕ್ಕೆ ನಿಂತುಹೋಗುತ್ತದೆ.

ನಮ್ಮಲ್ಲಿ ಅಂಥ ವಿದ್ಯಾರ್ಥಿಗಳೇ ಇಲ್ಲ ಎಂಬ ಉತ್ತರವನ್ನು ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. 2011ರ ಜನಗಣತಿಯಲ್ಲಿ ಗಂಡು ಹೆಣ್ಣು ಎರಡೂ ಅಲ್ಲದೆ ಇತರೆ ಎಂದು ಬರೆಸಿದವರು ರಾಜ್ಯದಲ್ಲಿ 20,266 ಮಂದಿ. ದೇಶದಲ್ಲಿ ಹಾಗೆ ಬರೆಸಿದವರ ಸಾಕ್ಷರತೆ ಶೇ 56ರಷ್ಟು, ಒಟ್ಟು ಜನಸಂಖ್ಯೆಯದು ಶೇ 73. ಹೆಸರು ಹೇಳಿದ ಕೂಡಲೇ ಹೊರಹೋಗಬೇಕಾದ ಜಾಗದಲ್ಲಿ ಯಾರು ತಾನೇ ಹೆಸರು ಹೇಳುತ್ತಾರೆ? ಇದೇ ಸಮುದಾಯದ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಇದೇ ಸಮುದಾಯದ ರೇಣುಕಾ ಪೂಜಾರಿಯವರು ಕನ್ನಡದ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿದ್ದಾರೆ. ಕನ್ನಡದ ಅಧ್ಯಾಪಕನಾಗಿ ನನಗೆ ಇದು ಪದ್ಮಶ್ರೀಗಿಂತಲೂ ಹೆಚ್ಚು ಸಂತೋಷ ಕೊಟ್ಟ ಸುದ್ದಿ. ಕೇರಳ 2018ರಲ್ಲೇ ತನ್ನ ವಿಶ್ವವಿದ್ಯಾಲಯಗಳ, ಕಲಾ ಮತ್ತು ವಿಜ್ಞಾನ ಕಾಲೇಜುಗಳ ಪ್ರತಿ ಕೋರ್ಸಿನಲ್ಲೂ ಈ ಸಮುದಾಯದವರಿಗೆ ಎರಡು ಹೆಚ್ಚುವರಿ ಸೀಟು ಕೊಟ್ಟಿತು. 2021ರಲ್ಲಿ ಅವರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟ ಕರ್ನಾಟಕ, ಆ ನೌಕರಿಗೆ ಬೇಕಾದ ಪದವಿಯನ್ನು ಮುಗಿಸುವ ದಾರಿಯನ್ನೂ ಮಾಡಿಕೊಡಬೇಕಲ್ಲವೇ?

2019ರಲ್ಲಿ ಸರ್ಕಾರಿ ಮಹಾವಿದ್ಯಾಲಯವೇ ವಿಶ್ವವಿದ್ಯಾಲಯವಾದಾಗ ಈ ಜಿಲ್ಲೆಯ ಬಡ ಮಕ್ಕಳಿಗೆ ಮೈಸೂರಿನ ಖರ್ಚು ತಪ್ಪಿತೆಂದು ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅದನ್ನು ಮತ್ತೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿಸುವ ಮಾತು 2025ರಲ್ಲಿ ಎದ್ದಿತು. ನಾಳೆ ಏನೇ ತೀರ್ಮಾನವಾಗಲಿ, ಅದೇ ಕಟ್ಟಡಗಳಲ್ಲಿ ಅದೇ ಮಕ್ಕಳು ಓದುತ್ತಾರೆ. ನೀವು ಇಂದು ಹೊರಡಿಸಿದ ಸುತ್ತೋಲೆ ಕಡತದಲ್ಲಿ ಉಳಿಯುತ್ತದೆ. ಆದ್ದರಿಂದ ಮೊದಲು ಆ ತೀರ್ಮಾನವಾಗಲಿ, ಆಮೇಲೆ ನೋಡೋಣ ಎನ್ನಬೇಡಿ.

ಮುಂದಿನ ಪ್ರವೇಶಾತಿಯ ಅರ್ಜಿ ಶುರುವಾಗುವ ಮೊದಲು ಸುತ್ತೋಲೆ ಹೊರಬೀಳಲಿ. ಕರಡು ಮಾಡಲು, ಅಧ್ಯಾಪಕರ ಜೊತೆ ಕೂತು ಮಾತಾಡಲು ನನ್ನಂಥ ನಿವೃತ್ತರ ನೆರವು ಬೇಕಾದರೆ ಹೇಳಿ ಕಳಿಸಿ. ಗುತ್ತಲಿನ ಮನೆ ಮಾಲೀಕರೊಡನೆ ಮಾತಾಡುವ ಕೆಲಸವನ್ನು ನಾನು ಹೊತ್ತುಕೊಳ್ಳುತ್ತೇನೆ. ಪತ್ರದ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ
ಗುತ್ತಲು, ಮಂಡ್ಯ