ತೂಗುವ ಭಾರದ ಕೆಳಗೆ ನಮ್ಮವರು

ಈಚಿನ ಕೆಲವು ವರ್ಷಗಳಿಂದ ನಮ್ಮ ರಾಜಕೀಯ ಸ್ವಾಗತಗಳು ಕ್ರೇನ್ ಇಲ್ಲದೆ ನಡೆಯುವುದೇ ಅಪರೂಪ. ನಾಯಕರ ಮೆರವಣಿಗೆ ಊರ ಅಗಸಿಗೆ ಬರುವ ಹೊತ್ತಿಗೆ ಹೈಡ್ರಾ ಎಂಬ ಕ್ರೇನ್ ಗಾಡಿಯೊಂದು ತನ್ನ ಉದ್ದ ತೋಳಾದ ಬೂಮ್ ಎತ್ತಿ ನಿಂತಿರುತ್ತದೆ. ಅದರ ಕೊಕ್ಕೆಗೆ ಕ್ವಿಂಟಲ್‌ಗಟ್ಟಲೆ ಸೇಬಿನ ಹಾರ, ಕೆಳಗೆ ಕಿಕ್ಕಿರಿದ ಜನ. ಸೇಬಿಗಾಗಿ ಹುಡುಗರು ಹಾರದ ಅಡಿಗೇ ನುಗ್ಗುತ್ತಾರೆ. ಬೆಂಗಳೂರಿನಿಂದ ಯಾದಗಿರಿವರೆಗೆ, ಪಕ್ಷ ಯಾವುದೇ ಇರಲಿ, ನೋಟ ಇದೇ. ತೂಗುವ ಭಾರದ ಕೆಳಗೆ ಯಾರೂ ನಿಲ್ಲಬಾರದು ಎಂಬುದು ಕ್ರೇನ್ ಕೆಲಸಕ್ಕೆ ಬಂದವನಿಗೆ ಮೊದಲ ದಿನ ಹೇಳಿಕೊಡುವ ಪಾಠ. ಅದನ್ನು ನಾಡಿನ ದೊಡ್ಡವರ ಎದುರಿನಲ್ಲೇ, ಪೊಲೀಸ್ ಬಂದೋಬಸ್ತಿನಲ್ಲೇ ಮುರಿಯುತ್ತಿದ್ದೇವೆ.

2023ರ ಜನವರಿ 22ರ ರಾತ್ರಿ ತಮಿಳುನಾಡಿನ ಅರಕ್ಕೋಣಂ ಬಳಿಯ ಹಳ್ಳಿಯೊಂದರ ದೇವಿ ಜಾತ್ರೆಯಲ್ಲಿ, ದೇವರಿಗೆ ಹಾರ ಸಲ್ಲಿಸಲು ತಂದಿದ್ದ ಕ್ರೇನ್ ಜನರ ಮೇಲೆ ಮಗುಚಿತು. ನಾಲ್ವರು ಸತ್ತರು. ಹೂವಿನ ಹಾರ ಎಷ್ಟು ತೂಗೀತು? ಆದರೆ ಕ್ರೇನ್ ಉರುಳಲು ಕೊಕ್ಕೆಯಲ್ಲಿನ ಭಾರವೊಂದೇ ಕಾರಣವಾಗಬೇಕಿಲ್ಲ. ನೆಲ ಓರೆಯಿದ್ದರೆ ಸಾಕು, ಒಂದು ಗಾಲಿಯ ಕೆಳಗಿನ ಮಣ್ಣು ಕುಸಿದರೆ ಸಾಕು, ಬೂಮ್ ಎರಡು ಮೀಟರ್ ಹೆಚ್ಚು ಚಾಚಿದರೂ ಸಾಕು.

ಮೆರವಣಿಗೆಯ ಕ್ರೇನ್ ಕಾರ್ಖಾನೆಯೊಳಗೂ ಇಲ್ಲ, ಕಟ್ಟಡದ ಕಾಮಗಾರಿಯಲ್ಲೂ ಇಲ್ಲ. ಹಾಗಾಗಿ ಕ್ರೇನ್ ಸುರಕ್ಷತೆಗೆಂದು ಬರೆದ ಕಾನೂನುಗಳ ಕಣ್ಣಿಗೆ ಅದು ಬೀಳುವುದಿಲ್ಲ. ಅನುಮತಿ ಪತ್ರದಲ್ಲಿ ಒಂದು ಸಾಲಿನ ಷರತ್ತು ಹಾಕಿ ಇದನ್ನು ನಿಲ್ಲಿಸುವ ಶಕ್ತಿ ಜಿಲ್ಲಾಡಳಿತಕ್ಕಿದೆ. ಯಾದಗಿರಿ ಜಿಲ್ಲೆ ಆ ಸಾಲನ್ನು ಮೊದಲು ಬರೆಯಲಿ.

ನಮ್ಮ ಜಿಲ್ಲೆಯೇ ಏಕೆ ಎಂದರೆ, ಕ್ರೇನ್‌ಗಳು ಈಗ ನಮ್ಮ ಹೊಲದ ಬದುವಿಗೇ ಬಂದಿವೆ. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದಾಗ ಇಲ್ಲಿ ಎತ್ತರದಲ್ಲಿ ಕಾಣುತ್ತಿದ್ದುದು ಯಾದಗಿರಿಯ ಕೋಟೆ ಮತ್ತು ಶಹಾಪುರದ ಮಲಗಿದ ಬುದ್ಧನ ಬೆಟ್ಟ. ಈಗ ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಇದೆ, ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳಿವೆ. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು ಉದ್ಘಾಟಿಸಿದರು. ಅದೇ ವೇದಿಕೆಯಲ್ಲಿ ಸೂರತ್–ಚೆನ್ನೈ ಹೆದ್ದಾರಿಯ ಅರವತ್ತೈದು ಕಿಲೋಮೀಟರ್ ಉದ್ದದ ಭಾಗಕ್ಕೆ ಅಡಿಗಲ್ಲು ಬಿತ್ತು. ಕಾಲುವೆಯ ಗೇಟು, ಸೇತುವೆಯ ಗರ್ಡರ್, ಕಾರ್ಖಾನೆಯ ರಿಯಾಕ್ಟರ್, ಎಲ್ಲವನ್ನೂ ಒಬ್ಬರು ಎತ್ತಿ ಇಳಿಸಬೇಕು. ಎತ್ತುವವರು ಬಂದರು. ಎತ್ತುವ ಯಂತ್ರವನ್ನು ನೋಡುವವರು ಬರಲಿಲ್ಲ.

ಇಲ್ಲಿ ಕ್ರೇನ್ ಎಂದರೆ ಹೆಚ್ಚಿನ ಪಾಲು ಹೈಡ್ರಾ. ಭಾರ ಎತ್ತಿಕೊಂಡೇ ನಡೆಯುವ, ನಡುವೆ ಬಾಗುವ ಗಾಡಿ ಅದು. ಗೋಪುರ ಕ್ರೇನ್‌ಗೆ ಇರುವ ಗಟ್ಟಿ ಅಡಿಪಾಯ ಇದಕ್ಕಿಲ್ಲ. ಭಾರ ಹಿಡಿದು ತಿರುಗುವಾಗ ಅದರ ತಾಕತ್ತು ಇಳಿಯುತ್ತದೆ, ಹಳೆಯ ಮಾದರಿಗಳಲ್ಲಿ ಬೂಮ್ ಚಾಲಕನ ಕಣ್ಣಿಗೇ ಅಡ್ಡ. ಹಲವು ದೊಡ್ಡ ಕಂಪನಿಗಳು ತಮ್ಮ ಆವರಣದಲ್ಲಿ ಇದನ್ನು ನಿರ್ಬಂಧಿಸಿರುವುದು ಇದೇ ಕಾರಣಕ್ಕೆ. ನಮ್ಮ ಕಡೆ ‘ಹದಿನಾಲ್ಕು ಟನ್ ಗಾಡಿ ತರ್ಸ್ರಿ’ ಎನ್ನುತ್ತಾರೆ, ಅದು ಎಲ್ಲಿ ಬೇಕಾದರೂ ಹದಿನಾಲ್ಕು ಟನ್ ಎತ್ತುತ್ತದೆ ಎಂಬಂತೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹೊರುವವಳು ಅದೇ ಕೊಡವನ್ನು ತೋಳು ಚಾಚಿ ಹಿಡಿದು ನಿಲ್ಲಲಾರಳು. ಕ್ರೇನ್‌ಗೂ ಹಾಗೆಯೇ: ಹದಿನಾಲ್ಕು ಟನ್ ಎಂಬುದು ಭಾರ ಗಾಡಿಗೆ ತೀರ ಹತ್ತಿರವಿದ್ದಾಗಿನ ಮಾತು. ಬೂಮ್ ಚಾಚಿದಷ್ಟೂ ಆ ಅಂಕಿ ಕರಗುತ್ತದೆ, ಕಡೆಗೆ ಒಂದೆರಡು ಟನ್ನಿಗೆ ಬಂದು ನಿಲ್ಲುತ್ತದೆ. ಎಷ್ಟು ದೂರಕ್ಕೆ ಎಷ್ಟು ಎಂಬ ಲೋಡ್ ಚಾರ್ಟ್ ಕ್ಯಾಬಿನ್ನಿನಲ್ಲಿ ಅಂಟಿಸಿರುತ್ತದೆ. ಇಂಗ್ಲಿಷಿನಲ್ಲಿ.

ಇದರ ಮೇಲೆ ನಮ್ಮ ನೆಲ. ಶಹಾಪುರ, ಸುರಪುರದ ಎರೆ ಭೂಮಿ ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಕಾಲುವೆ ಬಂದ ಮೇಲೆ ಭತ್ತದ ಗದ್ದೆಯ ಪಕ್ಕದ ಮಣ್ಣು ವರ್ಷದ ಬಹುಪಾಲು ಹಸಿಯೇ. ಮೇಲೆ ಗಟ್ಟಿಯಾಗಿ ಕಂಡು ಒಳಗೆ ಮೆತ್ತಗಿರುವ ಇಂಥ ನೆಲದಲ್ಲಿ ಔಟ್‌ರಿಗ್ಗರ್ ಎಂಬ ಚಾಚುಗಾಲುಗಳ ಕೆಳಗೆ ಅಗಲವಾದ ಉಕ್ಕಿನ ಹಲಗೆ ಹಾಸದೆ ಕ್ರೇನ್ ನಿಲ್ಲಿಸುವುದು ಅಪಾಯ. ಏಪ್ರಿಲ್–ಮೇ ಸಂಜೆಗಳಲ್ಲಿ ಹೇಳದೆ ಕೇಳದೆ ಏಳುವ ಬಿರುಗಾಳಿ ಬೇರೆ. ಚೆನ್ನೈನಲ್ಲೋ ಪುಣೆಯಲ್ಲೋ ಬರೆದ ಕೈಪಿಡಿಯಲ್ಲಿ ಎರೆ ಮಣ್ಣಿನ ಗುಣ ಇರುವುದಿಲ್ಲ. ಅದು ಈ ನೆಲದಲ್ಲಿ ಹುಟ್ಟಿದವರಿಗೆ ಗೊತ್ತು.

ಕಾನೂನಿಗೆ ಕೊರತೆಯಿಲ್ಲ. 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ‘ಸಮರ್ಥ ವ್ಯಕ್ತಿ’ ಕೂಲಂಕಷವಾಗಿ ಪರೀಕ್ಷಿಸಬೇಕು ಎಂದಿತು. ಹಳಿಯ ಮೇಲೆ ಓಡುವ ಕ್ರೇನ್ ಇರುವ ಕಡೆ ಯಾರಾದರೂ ಹಳಿಯ ಹತ್ತಿರ ಕೆಲಸ ಮಾಡುತ್ತಿದ್ದರೆ ಕ್ರೇನ್ ಅವರಿಂದ ಆರು ಮೀಟರ್ ಒಳಗೆ ಬರಬಾರದು ಎಂದೂ ಹೇಳಿತು. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆ, 1998ರ ಕೇಂದ್ರ ನಿಯಮಗಳು ಬಂದವು. 2025ರ ನವೆಂಬರ್ 21ರಿಂದ ಇವೆಲ್ಲದರ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ; ಅದರಲ್ಲಿ ಇನ್‌ಸ್ಪೆಕ್ಟರ್ ಈಗ ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’. ಹೆಸರು ಏನೇ ಆಗಲಿ, ಯಾರೋ ಒಬ್ಬರು ಬಂದು ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಬೇಕು. ಆ ಕೈಯ ಬಗ್ಗೆಯೇ ನನ್ನ ಮಾತು.

ನಿಜವಾದ ಪರೀಕ್ಷಕ ಏನು ಮಾಡುತ್ತಾನೆ? ಉಕ್ಕಿನ ಹಗ್ಗದ ಮೇಲೆ ಬಟ್ಟೆ ಸುತ್ತಿ ಎಳೆಯುತ್ತಾನೆ. ಹರಿದ ತಂತಿಯ ಮೊನೆ ಬಟ್ಟೆಗೆ ಸಿಕ್ಕುತ್ತದೆ. ಹಗ್ಗದ ದಪ್ಪ ಹಲವು ಕಡೆ ಅಳೆಯುತ್ತಾನೆ, ಏಕೆಂದರೆ ಒಳಗಿನ ಎಳೆ ಸವೆದರೆ ಹೊರಗೆ ಕಾಣದು, ದಪ್ಪ ಮಾತ್ರ ಇಳಿದಿರುತ್ತದೆ. ಎಳೆಗಳು ಬಿಚ್ಚಿ ಪಂಜರದಂತೆ ಉಬ್ಬಿದ ಜಾಗವಿದ್ದರೆ ಆ ಹಗ್ಗ ಅಂದೇ ಗುಜರಿಗೆ. ಕೊಕ್ಕೆಯ ಬಾಯಿ ಅಗಲವಾಗಿದೆಯೇ, ಅದರ ಚಿಲಕ ಮುಚ್ಚುತ್ತದೆಯೇ ನೋಡುತ್ತಾನೆ. ಕೊಕ್ಕೆ ಮೇಲೇರಿ ಬೂಮ್ ತುದಿಗೆ ಬಡಿಯುವ ಮುನ್ನ ಯಂತ್ರವನ್ನು ತಾನಾಗಿ ನಿಲ್ಲಿಸಬೇಕಾದ ಲಿಮಿಟ್ ಸ್ವಿಚ್ ಕೆಲಸ ಮಾಡುತ್ತದೆಯೇ ಎಂದು ಖಾಲಿ ಕೊಕ್ಕೆಯಲ್ಲೇ ಪರೀಕ್ಷಿಸುತ್ತಾನೆ. ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡೀತೆಂದು ಬಣ್ಣದ ದ್ರವ ಹಚ್ಚಿ ಒರೆಸಿ ಕಾಯುತ್ತಾನೆ. ಇದಕ್ಕೆ ಹೊತ್ತು ಬೇಕು. ಗಾಡಿಯನ್ನೇ ನೋಡದೆ ನೋಂದಣಿ ಸಂಖ್ಯೆ ಕೇಳಿ ಬರೆದುಕೊಟ್ಟ ಪ್ರಮಾಣಪತ್ರ ಒಂದು ಸುಳ್ಳು ಕಾಗದ. ಸಾವು ಸಂಭವಿಸಿದರೆ ಅದಕ್ಕೆ ಸಹಿ ಹಾಕಿದವನೂ ಹೊಣೆ ಹೊರಬೇಕು.

ಈ ಕೆಲಸದ ಬೆಲೆ ನಮ್ಮ ನೆರೆಯಲ್ಲೇ ಗೊತ್ತಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಹರಿದದ್ದು ಗೇಟನ್ನು ಎತ್ತಿ ಹಿಡಿಯುವ ಸರಪಳಿ. ತುಂಬಿದ ಜಲಾಶಯವನ್ನು ನದಿಗೆ ಬಿಡದೆ ವಿಧಿಯಿರಲಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ರೈತರು ಕಣ್ಣೆದುರಿಗೇ ಬೆಳೆಯ ನೀರು ಹರಿದುಹೋಗುವುದನ್ನು ನೋಡಿದರು. ಹಿರಿಯ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಕ್ರೇನ್‌ಗಳಿಂದ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಆ ಸಾಹಸವನ್ನು ನಾಡು ಕೊಂಡಾಡಿತು, ಕೊಂಡಾಡಬೇಕಾದ್ದೇ. ಅದೇ ಸರಪಳಿಯ ಕೊಂಡಿಯನ್ನು ಹಿಂದಿನ ಬೇಸಿಗೆಯಲ್ಲಿ ಯಾರಾದರೂ ಅಳೆದು, ‘ಇದು ಬೇಡ, ಬದಲಿಸಿ’ ಎಂದು ಬರೆದು, ಆ ಮಾತು ನಡೆದಿದ್ದರೆ ಅವರ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ. ಪರೀಕ್ಷಕನ ಗೆಲುವು ಪತ್ರಿಕೆಯಲ್ಲಿ ಬರುವುದಿಲ್ಲ.

ನಮ್ಮ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಸಂಕ್ರಾಂತಿಗೆ ಕಬ್ಬಿಣದ ಸರಪಳಿ ಹರಿಯುವುದನ್ನು ನೋಡಲು ಜನಸಾಗರವೇ ಸೇರುತ್ತದೆ. ಸರಪಳಿ ಹರಿಯುವುದನ್ನು ಭಕ್ತಿಯಿಂದ ನೋಡುವ ಈ ಸೀಮೆಯಲ್ಲೇ, ನಾರಾಯಣಪುರದ ಬಸವಸಾಗರದಲ್ಲಿ ಕೃಷ್ಣೆಯನ್ನು ಮೂವತ್ತು ಗೇಟುಗಳು ತಡೆದು ನಿಂತಿವೆ. 1982ರಲ್ಲಿ ಮುಗಿದ ಅಣೆಕಟ್ಟು ಅದು. ಆ ಗೇಟುಗಳನ್ನು ಎತ್ತುವ ಹಗ್ಗ, ಗೇರು, ಮೋಟಾರುಗಳ ಪರೀಕ್ಷಾ ವರದಿಯನ್ನು ಪ್ರತಿ ವರ್ಷ ಮುಂಗಾರಿಗೆ ಮುನ್ನ ಅಚ್ಚುಕಟ್ಟಿನ ರೈತರ ಮುಂದೆ ಇಡಬೇಕು. ಕೇಳುವ ಹಕ್ಕು ಅವರಿಗಿದೆ.

ಅಪಘಾತವಾದ ಮೇಲೆ ಏನಾಗುತ್ತದೆ? ಪೊಲೀಸರು ಬರುತ್ತಾರೆ, ಪಂಚನಾಮೆ ಆಗುತ್ತದೆ, ಚಾಲಕನ ಮೇಲೆ ನಿರ್ಲಕ್ಷ್ಯದ ಪ್ರಕರಣ ದಾಖಲಾಗುತ್ತದೆ. ಹೊಟ್ಟೆಪಾಡಿಗೆ ಬಂದ ಚಾಲಕ ಹೆದರಿ ಓಡಿಹೋಗಿರುತ್ತಾನೆ. ಎರಡು ದಿನದಲ್ಲಿ ಗಾಡಿಯನ್ನು ಬದಿಗೆಳೆದು ಕೆಲಸ ಮತ್ತೆ ಶುರು. ಸತ್ತವನಿಗೆ ಮರಣೋತ್ತರ ಪರೀಕ್ಷೆ ಉಂಟು, ಹರಿದ ಹಗ್ಗಕ್ಕಿಲ್ಲ. ಆದರೆ ಹಗ್ಗದ ತುದಿ ಮಾತಾಡುತ್ತದೆ. ಒಮ್ಮೆಲೇ ಮಿತಿಮೀರಿ ಎಳೆದು ಹರಿದ ತಂತಿ ತುದಿಯಲ್ಲಿ ಸಣ್ಣಗಾಗಿರುತ್ತದೆ. ದಿನದಿನವೂ ಬಾಗಿ ಬಾಗಿ ದಣಿದು ತುಂಡಾದದ್ದು ಚಪ್ಪಟೆಯಾಗಿ ಮುರಿದಿರುತ್ತದೆ. ತುಕ್ಕು ತಿಂದದ್ದರ ಮೈ ಗುಳಿಬಿದ್ದಿರುತ್ತದೆ. ಮೊದಲನೆಯದಾದರೆ ಆ ದಿನ ಭಾರ ಹೆಚ್ಚು ಎತ್ತಿಸಿದವರನ್ನು ಕೇಳಬೇಕು. ಉಳಿದೆರಡಾದರೆ ತಿಂಗಳುಗಟ್ಟಲೆ ಹಗ್ಗ ನೋಡದವರನ್ನು ಕೇಳಬೇಕು. ಎರಡು ಸಂದರ್ಭದಲ್ಲೂ ಮೊದಲ ಉತ್ತರ ಕೊಡಬೇಕಾದವನು ಚಾಲಕನಲ್ಲ.

ಅಪಘಾತದ ಕಾರಣ ಹುಡುಕುವ ಈ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಮಿಲ್ವಾಕಿಯ ಪ್ರಕರಣವಿದೆ. 1999ರ ಜುಲೈ 14ರಂದು ಕ್ರೀಡಾಂಗಣದ ಚಾವಣಿಯ ಭಾರೀ ತುಂಡನ್ನು ಎತ್ತುತ್ತಿದ್ದ ದೈತ್ಯ ಕ್ರೇನ್ ಕುಸಿದು ಮೂವರು ಕಾರ್ಮಿಕರು ಸತ್ತರು. ಬಿಚ್ಚಿ ನೋಡಿದಾಗ ಸಿಕ್ಕ ದೊಡ್ಡ ಲೋಪ ಇದು: ಎತ್ತಿದ ಅಗಲವಾದ ಚಾವಣಿಯ ಮೇಲೆಯೇ ಗಾಳಿ ಎಷ್ಟು ಒತ್ತೀತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜಗತ್ತಿನ ಕ್ರೇನ್ ಪಾಠಗಳಲ್ಲಿ ಅದು ಇಂದಿಗೂ ಬರುತ್ತದೆ. ನಮ್ಮ ದೇಶದ ಸಾವುಗಳೂ ಹಾಗೆ ಪಾಠವಾಗಬೇಕಿತ್ತು. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಎಪ್ಪತ್ತು ಟನ್ನಿನ ಕ್ರೇನ್ ಭಾರ ಪರೀಕ್ಷೆಯ ಹೊತ್ತಿನಲ್ಲೇ ಕುಸಿದು ಹನ್ನೊಂದು ಮಂದಿ ಸತ್ತರು. ಮೂರು ವರ್ಷದ ನಂತರ ಅದೇ ಆಗಸ್ಟ್ 1ರಂದು ಮಹಾರಾಷ್ಟ್ರದ ಸಮೃದ್ಧಿ ಹೆದ್ದಾರಿಯಲ್ಲಿ ಗರ್ಡರ್ ಕೂರಿಸುವ ಯಂತ್ರ ಕೆಳಗೆ ಬಿದ್ದು ಇಪ್ಪತ್ತು ಮಂದಿ ಸತ್ತರು. ಅದು ನಡೆದದ್ದು ಠಾಣೆ ಜಿಲ್ಲೆಯ ಶಹಾಪುರದಲ್ಲಿ. ಸುದ್ದಿಯ ತಲೆಬರಹ ಓದಿದ ನಮ್ಮ ಶಹಾಪುರದವರ ಎದೆ ಒಂದು ಕ್ಷಣ ಧಸಕ್ಕೆಂದಿರಬೇಕು. ಹೆಸರು ಬೇರೆ ಊರಿನದಾದರೂ ಆತಂಕ ನಮ್ಮದೇ.

ಬೆಂಗಳೂರಿನಲ್ಲಿ 2023ರ ಜನವರಿಯಲ್ಲಿ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ಬಿದ್ದು ತಾಯಿ ಮಗು ಸತ್ತಾಗ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರನ್ನು ಕರೆಸಿ ತನಿಖೆ ಮಾಡಿಸಿದರು. ಕಡೇಚೂರಿನಲ್ಲಿ, ಹುಣಸಗಿಯ ಕಾಲುವೆಯ ದಂಡೆಯಲ್ಲಿ ಕೂಲಿಯವನೊಬ್ಬ ಸತ್ತರೂ ಅಷ್ಟೇ ಬಲ್ಲವರು ಬಂದು ನೋಡಬೇಕು. ಅಂಥವರು ಬೆಂಗಳೂರಿನಿಂದಲೇ ಬರಬೇಕೆಂದೂ ಇಲ್ಲ.

ಯಾದಗಿರಿಯ ಹಳ್ಳಿಗಳಿಂದ ಸುಗ್ಗಿ ಮುಗಿಯುತ್ತಲೇ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬೈಯ ಕಟ್ಟಡಗಳ ಕೆಳಗೆ, ಕ್ರೇನಿನ ನೆರಳಲ್ಲಿ, ಗಾರೆ ಹೊತ್ತು ನಿಲ್ಲುವವರಲ್ಲಿ ನಮ್ಮವರಿದ್ದಾರೆ. ಖಲಾಸಿಗಳು ‘ಹಬೇಸ್’ ಎಂದರೆ ಭಾರ ಮೇಲೇರುತ್ತದೆ, ‘ಆರ್ಯಾ’ ಎಂದರೆ ಇಳಿಯುತ್ತದೆ ಎಂಬುದನ್ನು ಅವರು ಕಿವಿಯಿಂದಲೇ ಕಲಿತಿರುತ್ತಾರೆ. ಅವರ ಮಕ್ಕಳು ಐಟಿಐ, ಪಾಲಿಟೆಕ್ನಿಕ್, ಕಲಬುರಗಿಯ ಎಂಜಿನಿಯರಿಂಗ್ ಕಾಲೇಜು ಮುಗಿಸಿ, ಯಾವುದೋ ಕಂಪನಿಯಲ್ಲಿ ಗುತ್ತಿಗೆ ಕೆಲಸಕ್ಕೆ ಅಲೆಯುತ್ತಿದ್ದಾರೆ. ಕ್ರೇನ್ ಪರೀಕ್ಷಕನ ವೃತ್ತಿ ಒಂದಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ದಾರಿ ಇದೆ. ಪದವಿ ಅಥವಾ ಡಿಪ್ಲೊಮಾ ಮುಗಿಸಿ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದವರಿಗೆ ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲಿ ಔದ್ಯೋಗಿಕ ಸುರಕ್ಷತೆಯ ಒಂದು ವರ್ಷದ ಅಡ್ವಾನ್ಸ್ಡ್ ಡಿಪ್ಲೊಮಾ ಇದೆ. ದೊಡ್ಡ ಕಾರ್ಖಾನೆಗಳು ಸುರಕ್ಷತಾ ಅಧಿಕಾರಿಯನ್ನು ನೇಮಿಸಿಕೊಳ್ಳಲೇಬೇಕು. ಲೋಹ ಒಡೆಯದೆ ಒಳಗಿನ ಬಿರುಕು ಹುಡುಕುವ ಎನ್‌ಡಿಟಿ ಕೋರ್ಸುಗಳು ಐಟಿಐ, ಡಿಪ್ಲೊಮಾ ಓದಿದವರಿಗೂ ತೆರೆದಿವೆ. ಕೊಲ್ಲಿ ದೇಶಗಳ ತೈಲ ಕಂಪನಿಗಳಲ್ಲಿ ಕ್ರೇನ್, ಸ್ಲಿಂಗ್, ಶ್ಯಾಕಲ್ ಪರೀಕ್ಷಿಸುವವರಿಗೆ ಬೇಡಿಕೆ ಕಡಿಮೆಯಾಗಿಲ್ಲ. ವರ್ಷಗಳ ಅನುಭವದ ನಂತರ ರಾಜ್ಯದ ಕಾರ್ಖಾನೆ, ಬಾಯ್ಲರ್, ಔದ್ಯೋಗಿಕ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಮಾನ್ಯತೆ ಪಡೆದರೆ ತನ್ನ ಊರಲ್ಲೇ ಕೂತು ಸಮರ್ಥ ವ್ಯಕ್ತಿಯಾಗಿ ದುಡಿಯಬಹುದು. ಹೆಣ್ಣುಮಕ್ಕಳಿಗೂ ಇದು ಒಳ್ಳೆಯ ವೃತ್ತಿ. ಬೇಕಾದ್ದು ತೋಳ್ಬಲವಲ್ಲ, ಕಣ್ಣು, ತಾಳ್ಮೆ ಮತ್ತು ಗುತ್ತಿಗೆದಾರನ ಮುಖಕ್ಕೆ ‘ಆಗಲ್ಲ’ ಎನ್ನುವ ಗಟ್ಟಿತನ.

ಆ ಗಟ್ಟಿತನಕ್ಕೆ ಆಸರೆ ಬೇಕು. ತಪಾಸಣೆಯ ಶುಲ್ಕವನ್ನು ಕ್ರೇನ್ ಮಾಲೀಕನೇ ನೇರವಾಗಿ ಕೊಡುವ ತನಕ ‘ಆಗಲ್ಲ’ ಎಂದವನಿಗೆ ಮುಂದಿನ ಕೆಲಸ ಸಿಗುವುದು ಕಷ್ಟ. ಶುಲ್ಕ ಇಲಾಖೆಯ ಖಾತೆಗೆ ಹೋಗಿ, ಅಲ್ಲಿಂದ ಸರದಿಯ ಪ್ರಕಾರ ಪರೀಕ್ಷಕ ನಿಗದಿಯಾಗಬೇಕು. ಕಟ್ಟಡ ಕಾರ್ಮಿಕರ ಮಂಡಳಿ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಸಂಗ್ರಹಿಸುತ್ತದೆ, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಇದೆ, ಪ್ರದೇಶಾಭಿವೃದ್ಧಿ ಮಂಡಳಿಯಿದೆ. ಜಿಲ್ಲೆಯ ಒಂದು ಪಾಲಿಟೆಕ್ನಿಕ್ ಅಂಗಳದಲ್ಲಿ ಹಳೆಯ ಹೈಡ್ರಾವೊಂದನ್ನು ನಿಲ್ಲಿಸಿ, ಹರಿದ ಹಗ್ಗ, ಬಾಯಿಬಿಟ್ಟ ಕೊಕ್ಕೆ, ಸವೆದ ಬೆಲ್ಟುಗಳನ್ನು ಮೇಜಿನ ಮೇಲೆ ಹರಡಿ ಕಲಿಸಲು ಈ ನಿಧಿಗಳ ಒಂದು ಚೂರು ಸಾಕು. ಲೋಡ್ ಚಾರ್ಟ್ ಕನ್ನಡದಲ್ಲಿ, ಹಿಂದಿಯಲ್ಲಿ ಅಚ್ಚು ಹಾಕಿಸಿ ಕ್ಯಾಬಿನ್ನಿಗೆ ಅಂಟಿಸಲು ಅಷ್ಟೂ ಬೇಡ. ಕಡೇಚೂರಿನ ಕಾರ್ಖಾನೆಗಳೂ ಹೆದ್ದಾರಿಯ ಗುತ್ತಿಗೆದಾರರೂ ಸರ್ಕಾರದ ಆದೇಶಕ್ಕೆ ಕಾಯದೆ ಆ ಕೆಲಸವನ್ನು ಮುಂದಿನ ಮುಂಗಾರಿನೊಳಗೆ ಮಾಡಿ ಮುಗಿಸಬಹುದು.