ಮಾತಿಲ್ಲಂದ್ರ ನೋವೂ ಇಲ್ಲೇನ್ರಿ?

"ಅದಕ್ಕೇನ್ ತಿಳೀತದ, ಯಾವಾಗ್ಲೂ ಹಂಗ ಅಳ್ತದ" ಅನ್ನೋ ಮಾತು ಕೇಳಿದ್ರ ನನಗ ಮೈ ಉರೀತದ ನೋಡ್ರಿ ವೈನಿ. ನನ್ನ ತಂಗಿ ಮಗಳು ನಡಿಯಂಗಿಲ್ಲ, ಮಾತಾಡಂಗಿಲ್ಲ. ಹಂಗಂತ ಆಕಿಗೆ ಹಲ್ಲು ನೋಯಂಗಿಲ್ಲೇನು? ಇಂಥ ಮಕ್ಕಳಿಗೆ ಹೊಟ್ಟಿ ಕಟ್ಟೂದು, ಎದಿ ಉರಿಯೂದು, ಕೈಕಾಲು ಸೆಟಗೊಳ್ಳೂದು, ಸೊಂಟದ ಕೀಲು ಜಾರೂದು ಉಳಿದ ಮಕ್ಕಳಿಗಿಂತ ಹೆಚ್ಚು. ಅಂದಮ್ಯಾಲ ನೋವೂ ಹೆಚ್ಚು.

ಅಳಿಯೂ ಸಾಧನ ಇಲ್ಲಂತಲ್ಲ. ಫ್ಲ್ಯಾಕ್ ಅಂತ ಒಂದದ: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಆಗ್ತದೋ ಇಲ್ಲೋ. ಒಂದೊಂದಕ್ಕ 0ರಿಂದ 2 ಅಂಕ, ಒಟ್ಟು 10. ಅದನ್ನ ಇಂಥ ಮಕ್ಕಳ ಸಲುವಾಗಿ ತಿದ್ದಿದ್ದು 2006ರಾಗ ಪ್ರಕಟ ಆತು. ಆ ತಿದ್ದುಪಡಿಯೊಳಗಿನ ಮುಖ್ಯ ಮಾತೇನಂದ್ರ, ಈ ಕೂಸಿನ ನೋವಿನ ಗುರುತು ಯಾವುದು ಅಂತ ಹೆತ್ತವರನ್ನ ಕೇಳಿ ಬರಕೋಬೇಕು. ಯಾಕಂದ್ರ ಒಂದು ಕೂಸು ಚೀರ್ತದ, ಇನ್ನೊಂದು ಗಪ್ಪಾಗ್ತದ, ಮತ್ತೊಂದು ನಗ್ತದ!

ಹಿಂಗಿದ್ದಮ್ಯಾಲ, "ನೀವು ಭಾಳ ಗಾಬರಿ ಆಗ್ತೀರಿ" ಅಂತ ತಾಯಿ ಬಾಯಿ ಮುಚ್ಚಸೂದು ಯಾವ ನ್ಯಾಯ? ಆಕಿ ಮಾತೇ ಆ ಕೂಸಿನ ಮಾತು.

ಮನ್ಯಾಗ ಇಂಥ ಕೂಸಿದ್ರ ಒಂದು ವಹಿ ಇಡ್ರಿ. ಆರಾಮಿದ್ದಾಗ ಹೆಂಗಿರ್ತದ, ನೋವಾದಾಗ ಏನು ಮಾಡ್ತದ, ಬರೀರಿ. ದವಾಖಾನ್ಯಾಗ ಅದನ್ನ ಮುಂದಿಟ್ಟು, "ನೋವು ಅಳದು ನೋಡ್ರಿ" ಅಂತ ಕೇಳ್ರಿ. ನಾವು ಓಣಿಯವರೂ ಅಷ್ಟ. ದೃಷ್ಟಿ ತೆಗೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಲ್ಲು, ಕಿವಿ, ಹೊಟ್ಟಿನೂ ತೋರಸ್ರಿ.