ಹಾಸಿಗೆ ಇದ್ದಷ್ಟು ಕಾಲು ಚಾಚುವ ಆ್ಯಪ್

ಒಂದೇ ಆ್ಯಪ್. ಅಣ್ಣನ ಹೊಸ ಫೋನಿನಲ್ಲಿ ಚಕಚಕನೆ ತೆರೆದುಕೊಳ್ಳುತ್ತದೆ. ಅಮ್ಮನ ಹಳೆಯ ಫೋನಿನಲ್ಲಿ ಮಾತ್ರ ಬಿಳಿ ಪರದೆ ತೋರಿಸಿ, ಸ್ವಲ್ಪ ಹೊತ್ತು ತಡವರಿಸಿ, ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ‘ಫೋನು ಹಳೆಯದಾಯಿತು, ಬೇರೆ ತೆಗೆದುಕೊಳ್ಳಬೇಕು’ ಎಂದು ಮನೆಯಲ್ಲಿ ತೀರ್ಪಾಗುತ್ತದೆ. ಆದರೆ ತಪ್ಪು ಯಾವಾಗಲೂ ಫೋನಿನದೇ ಎನ್ನಲಾಗದು. ಆ್ಯಪ್ ತನ್ನ ಮಾಹಿತಿಯನ್ನು ಓದಿಕೊಳ್ಳುವ ಕ್ರಮವೇ ಎಷ್ಟೋ ಸಲ ಇದಕ್ಕೆ ಕಾರಣ. ಕಂಪ್ಯೂಟರ್ ಕಲಿಯಹೊರಟ ವಿದ್ಯಾರ್ಥಿಗಳು ಮೊದಲೇ ತಿಳಿದಿರಬೇಕಾದ ಈ ಸಂಗತಿಯನ್ನು ಈ ವಾರ ನೋಡೋಣ.

ಗುರುತುಪಟ್ಟಿಯ ಬರಹ

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಕಳಿಸುವಾಗ ಯಾವುದು ಹೆಸರು, ಯಾವುದು ಅಂಕ, ಯಾವುದು ಊರು ಎಂದು ಗುರುತು ಹಚ್ಚಿ ಕಳಿಸಬೇಕಷ್ಟೆ. ಹಾಗೆ ಗುರುತು ಹಚ್ಚುವ ಪದ್ಧತಿಗಳಲ್ಲಿ ಎಕ್ಸ್‌ಎಂಎಲ್ ಒಂದು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಸಂಸ್ಥೆ ಇದಕ್ಕೆ 1998ರ ಫೆಬ್ರುವರಿ 10ರಂದು ಅಧಿಕೃತ ರೂಪ ಕೊಟ್ಟಿತು. ವರ್ಡ್ ತಂತ್ರಾಂಶದಲ್ಲಿ ನೀವು ಬರೆದಿಡುವ ‘ಡಾಕ್ಸ್’ ಕಡತದ ಒಳಗಿರುವುದೂ ಬಹುಪಾಲು ಎಕ್ಸ್‌ಎಂಎಲ್‌ನ ಗಂಟೇ.

ಒಂದು ನಿಘಂಟಿನ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಅದರಲ್ಲಿ ಒಂದು ಪದದ ದಾಖಲೆ ಹೀಗಿರಬಹುದು:

<ಪದ><ಮೂಲ>ಮರ</ಮೂಲ><ಅರ್ಥ>ವೃಕ್ಷ</ಅರ್ಥ></ಪದ>

ಈ ಗುರುತುಗಳನ್ನು ಕನ್ನಡದಲ್ಲೇ ಬರೆಯಲು ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ. ತೆರೆದ ಗುರುತನ್ನು ಮುಚ್ಚಲೇಬೇಕು, ಒಳಗೆ ತೆರೆದದ್ದನ್ನು ಒಳಗೇ ಮುಚ್ಚಬೇಕು. ಮುಖ್ಯ ನಿಯಮ ಇಷ್ಟೆ. ಇಂಥ ಬರಹವನ್ನು ಬಿಡಿಸಿ ಓದುವ ಕೆಲಸಕ್ಕೆ ‘ಪಾರ್ಸಿಂಗ್’ ಎಂದೂ, ಆ ಕೆಲಸ ಮಾಡುವ ಪ್ರೋಗ್ರಾಂಗೆ ‘ಪಾರ್ಸರ್’ ಎಂದೂ ಹೆಸರು. ಕನ್ನಡ ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಬಿಡಿಸಿ, ಪದ ವಿಂಗಡಿಸಿ ಅರ್ಥ ಹೇಳುತ್ತೀರಲ್ಲವೇ? ಹೆಚ್ಚುಕಡಿಮೆ ಅದೇ ಕೆಲಸ ಇದು.

ಅಂಗಳಕ್ಕೆ ಬಂದ ಜಂಬೂಸವಾರಿ

ಬಿಡಿಸಿ ಓದಲು ಎರಡು ಮುಖ್ಯ ದಾರಿಗಳಿವೆ. ಮೊದಲನೆಯದು ‘ಡಾಮ್’. ಇದರಲ್ಲಿ ಪಾರ್ಸರ್ ಇಡೀ ಕಡತವನ್ನು ಓದಿ, ಅದರ ಪೂರ್ತಿ ಚಿತ್ರವನ್ನು ವಂಶವೃಕ್ಷದಂತೆ ಸ್ಮೃತಿಯಲ್ಲಿ ಕಟ್ಟಿಕೊಡುತ್ತದೆ. ಆಮೇಲೆ ಯಾವ ಕೊಂಬೆಗೆ ಬೇಕಾದರೂ ಹೋಗಬಹುದು, ಹಿಂದಿರುಗಬಹುದು, ತಿದ್ದಬಹುದು. ಪ್ರೋಗ್ರಾಂ ಬರೆಯುವವರಿಗೆ ಬಹಳ ಸುಖ.

ಆ ಸುಖದ ಬೆಲೆಯನ್ನು ಲೆಕ್ಕ ಹಾಕೋಣ. ನಮ್ಮ ನಿಘಂಟಿನಲ್ಲಿ ಒಂದು ಲಕ್ಷ ಪದಗಳಿವೆ ಎನ್ನಿ. ಕಡತಗಳನ್ನು ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತದ ಗುರುತು, ಮತ್ತೆ ನ, ಡ ಎಂದು ಐದು ಚಿಹ್ನೆಗಳು, ಅಂದರೆ 15 ಬೈಟ್. ಗುರುತುಗಳೂ ಸೇರಿ ಒಂದು ದಾಖಲೆಗೆ ಸುಮಾರು 300 ಬೈಟ್ ಹಿಡಿದರೆ ಕಡತ 3 ಕೋಟಿ ಬೈಟ್, ಅಂದರೆ ಸುಮಾರು 30 ಮೆಗಾಬೈಟ್ ಆಯಿತು. ವಂಶವೃಕ್ಷ ಕಟ್ಟುವಾಗ ಬರಹದ ಜೊತೆಗೆ ಪ್ರತಿಯೊಂದು ಗುರುತಿಗೂ ತಾಯಿ ಯಾರು, ಮಕ್ಕಳು ಯಾರು, ಒಡಹುಟ್ಟಿದವರು ಯಾರು ಎಂಬ ವಿಳಾಸಗಳನ್ನೂ ಇಟ್ಟುಕೊಳ್ಳಬೇಕು. ಹೀಗಾಗಿ ಸ್ಮೃತಿಯಲ್ಲಿ ಅದು ಕಡತದ ಹಲವು ಪಟ್ಟು ಬೆಳೆಯುತ್ತದೆ. ಮೂರೇ ಪಟ್ಟು ಎಂದುಕೊಂಡರೂ 90 ಮೆಗಾಬೈಟ್! 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನು ಒಂದು ಆ್ಯಪ್‌ಗೆ ಕೊಡುತ್ತಿದ್ದ ಸ್ಮೃತಿ 16 ಮೆಗಾಬೈಟ್ ಮಾತ್ರ. ಅದನ್ನು ಮೀರಿದರೆ ಫೋನು ಆ್ಯಪನ್ನೇ ನಿಲ್ಲಿಸಿಬಿಡುತ್ತದೆ. ಬಿಳಿ ಪರದೆಯ ಗುಟ್ಟುಗಳಲ್ಲಿ ಇದೂ ಒಂದು.

ಎರಡನೆಯ ದಾರಿ ‘ಸ್ಯಾಕ್ಸ್’. ಡೇವಿಡ್ ಮೆಗಿನ್ಸನ್ ಅವರ ಮುಂದಾಳತ್ವದಲ್ಲಿ ಹಲವರು ಸೇರಿ 1998ರಲ್ಲೇ ರೂಪಿಸಿದ್ದು. ಮೈಸೂರಿನ ಜಂಬೂಸವಾರಿಯಲ್ಲಿ ಎಷ್ಟು ಆನೆಗಳಿವೆ ಎಂದು ಎಣಿಸಬೇಕಾಗಿದೆ ಎನ್ನಿ. ಎಲ್ಲ ಆನೆ, ಕುದುರೆ, ಸ್ತಬ್ಧಚಿತ್ರಗಳನ್ನೂ ನಮ್ಮ ಮನೆಯಂಗಳಕ್ಕೆ ಕರೆಸಿ ನಿಲ್ಲಿಸಿಕೊಂಡು ಎಣಿಸುವುದು ಡಾಮ್. ಬನ್ನಿಮಂಟಪಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಿಂತು, ಆನೆ ಹಾದುಹೋದಾಗ ಒಂದೊಂದೇ ಎಣಿಸಿಕೊಳ್ಳುವುದು ಸ್ಯಾಕ್ಸ್. ಮೆರವಣಿಗೆ ಎಷ್ಟೇ ಉದ್ದವಿರಲಿ, ನಮಗೆ ಬೇಕಾದದ್ದು ನಿಲ್ಲುವಷ್ಟು ಜಾಗ ಮಾತ್ರ. ಆದರೆ ಹೋದ ಆನೆಯನ್ನು ಹಿಂದಕ್ಕೆ ಕರೆಯುವಂತಿಲ್ಲ. ಏನು ಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ನಿಂತಿರಬೇಕು.

ಇದೇ ಜಾತಿಗೆ ಸೇರಿದ ಇನ್ನೊಂದು ‘ಪುಲ್ ಪಾರ್ಸರ್’. ಸ್ಯಾಕ್ಸ್‌ನಲ್ಲಿ ಮೆರವಣಿಗೆ ತನ್ನಷ್ಟಕ್ಕೆ ಸಾಗುತ್ತದೆ. ಪುಲ್ ಪಾರ್ಸರ್‌ನಲ್ಲಿ, ಪಡಿತರ ಅಂಗಡಿಯವರು ‘ಮುಂದಿನವರು ಬನ್ನಿ’ ಎಂದು ಕರೆಯುವಂತೆ, ನಾವು ಕೇಳಿದಾಗ ಮಾತ್ರ ಮುಂದಿನ ತುಣುಕು ಬರುತ್ತದೆ.

ಬಡತನ ಕಲಿಸಿದ ಜಾಣ್ಮೆ

ಈ ದಾರಿಯನ್ನು ಹಿಡಿಯಲೇಬೇಕಾದ ಕಾಲವೊಂದಿತ್ತು. 2000ದ ದಶಕದ ಆರಂಭದಲ್ಲಿ ಗುಂಡಿ ಒತ್ತುವ ಫೋನುಗಳಿಗೆ ಜಾವಾ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂಗಳನ್ನು ಬರೆಯುತ್ತಿದ್ದರು. 2002ರ ‘ಮಿಡ್‌ಪಿ 2.0’ ನಿಯಮದ ಪ್ರಕಾರ ಅಂಥ ಫೋನಿನಲ್ಲಿ ಪ್ರೋಗ್ರಾಂ ಓಡಲು ಇರಬೇಕಾದ ಕನಿಷ್ಠ ಸ್ಮೃತಿ 128 ಕಿಲೋಬೈಟ್. ನಮ್ಮ ನಿಘಂಟಿನ ನಾನೂರೋ ಐನೂರೋ ಪದಗಳಿಗೇ ಅದು ತುಂಬಿಹೋಗುತ್ತದೆ! ಮುಂದೆ ಈ ಫೋನುಗಳಿಗೆಂದು ಎಕ್ಸ್‌ಎಂಎಲ್ ಓದುವ ಸೌಲಭ್ಯ ಗೊತ್ತುಮಾಡಿದಾಗ ಸ್ಯಾಕ್ಸನ್ನು ಇಟ್ಟುಕೊಂಡು ಡಾಮನ್ನು ಕೈಬಿಟ್ಟರು. ಅದೇ ಕಾಲದಲ್ಲಿ ಸಣ್ಣ ಫೋನುಗಳಿಗಾಗಿಯೇ ಹುಟ್ಟಿದ ‘ಕೆಎಕ್ಸ್‌ಎಂಎಲ್’ ಎಂಬ ಪುಟ್ಟ ಪುಲ್ ಪಾರ್ಸರ್ ಮುಂದೆ ಆಂಡ್ರಾಯ್ಡ್‌ನ ಒಳಗೇ ಸೇರಿಕೊಂಡಿತು. ಬಡವರ ಮನೆಯ ಮಿತವ್ಯಯ ಸಿರಿವಂತರ ಮನೆಗೂ ಬೇಕಾಯಿತು ಎನ್ನೋಣವೇ?

ಆ್ಯಪಲ್ ಕಂಪನಿ ಐಫೋನಿಗೆ ಆ್ಯಪ್ ಬರೆಯುವ ಸಾಧನಗಳನ್ನು 2008ರಲ್ಲಿ ಹೊರಗಿನವರಿಗೆ ಕೊಟ್ಟಾಗಲೂ, ಮ್ಯಾಕ್ ಕಂಪ್ಯೂಟರಿನಲ್ಲಿದ್ದ ವೃಕ್ಷ ಕಟ್ಟುವ ಸೌಲಭ್ಯ ಅದರಲ್ಲಿರಲಿಲ್ಲ. ಮೆರವಣಿಗೆ ನೋಡುವ ಪಾರ್ಸರ್ ಇತ್ತು.

ಇದಲ್ಲದೆ ಬೇರೆ ಉಪಾಯಗಳೂ ಇವೆ. ನಿಘಂಟನ್ನು ಅಕ್ಷರಕ್ಕೊಂದರಂತೆ ಹಲವು ಕಡತಗಳಾಗಿ ಒಡೆದು, ಬೇಕಾದ ಕಡತವನ್ನಷ್ಟೇ ತೆರೆಯಬಹುದು. ಎಲ್ಲವನ್ನೂ ಒಮ್ಮೆ ಓದಿ, ಫೋನಿನಲ್ಲೇ ಇರುವ ‘ಎಸ್‌ಕ್ಯುಎಲ್‌ಲೈಟ್’ ಎಂಬ ದತ್ತಸಂಚಯಕ್ಕೆ ತುಂಬಿಟ್ಟರೆ, ಆಮೇಲೆ ಪುಸ್ತಕದ ಪದಸೂಚಿಯಲ್ಲಿ ಹುಡುಕಿದಂತೆ ನೇರವಾಗಿ ಹುಡುಕಬಹುದು. ಅಥವಾ ನಿಘಂಟನ್ನು ದೂರದ ದೊಡ್ಡ ಕಂಪ್ಯೂಟರಿನಲ್ಲೇ ಇಟ್ಟು, ಕೇಳಿದ ಪದವೊಂದನ್ನೇ ಫೋನಿಗೆ ಕಳಿಸಬಹುದು. ಆದರೆ ಸಿಗ್ನಲ್ ಸಿಗದ ಊರಿನಲ್ಲಿ ಈ ಉಪಾಯ ನಡೆಯದು. ಯಾವ ಉಪಾಯ ಒಳ್ಳೆಯದು ಎಂಬುದು ಬಳಸುವವರ ಪರಿಸ್ಥಿತಿಯನ್ನು ನೋಡಿ ಹೇಳಬೇಕಾದ ಮಾತು.

ತುಂಡಾದ ಪದ

ಮೆರವಣಿಗೆಯ ದಾರಿಯಲ್ಲಿ ಒಂದು ಹೊಂಡವಿದೆ. ಹೊಸಬರು ಇಲ್ಲೇ ಎಡವುವುದು. ಸ್ಯಾಕ್ಸ್ ಬಗೆಯ ಪಾರ್ಸರ್ ಒಂದು ಗುರುತಿನೊಳಗಿನ ಬರಹವನ್ನು ಒಂದೇ ಸಲಕ್ಕೆ ಕೊಡುತ್ತದೆ ಎಂಬ ಭರವಸೆಯಿಲ್ಲ. ‘ವಿದ್ಯಾರ್ಥಿ’ ಎಂಬ ಪದ ಮೊದಲು ‘ವಿದ್ಯಾ’ ಎಂದೂ ಆಮೇಲೆ ‘ರ್ಥಿ’ ಎಂದೂ ಎರಡು ತುಣುಕಾಗಿ ಬರಬಹುದು. ಬಂದ ತುಣುಕನ್ನು ಹಿಂದಿನದಕ್ಕೆ ಸೇರಿಸದೆ, ಹಿಂದಿನದನ್ನು ಅಳಿಸಿ ಬರೆದುಕೊಳ್ಳುವ ಪ್ರೋಗ್ರಾಂನಲ್ಲಿ ಉಳಿಯುವುದು ‘ರ್ಥಿ’ ಮಾತ್ರ! ಮುಚ್ಚುವ ಗುರುತು ಬರುವವರೆಗೂ ತುಣುಕುಗಳನ್ನು ಕೂಡಿಸುತ್ತಾ ಹೋಗಬೇಕು.

ಈ ದೋಷದ ಮೋಸವೆಂದರೆ, ಹತ್ತು ಪದಗಳ ಪುಟ್ಟ ಕಡತದಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ಪಾರ್ಸರ್ ಕಡತವನ್ನು ಬೊಗಸೆ ಬೊಗಸೆಯಾಗಿ ಎತ್ತಿಕೊಂಡು ಓದುತ್ತದೆ. ಒಂದು ಬೊಗಸೆ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಸಿಕ್ಕಿಬಿದ್ದ ಪದವೇ ಸಾಮಾನ್ಯವಾಗಿ ತುಂಡಾಗುವುದು. ಪುಟ್ಟ ಕಡತ ಒಂದೇ ಬೊಗಸೆಯಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ದೊಡ್ಡ ಕಡತ ಕೊಟ್ಟು ಪರೀಕ್ಷಿಸದೆ ‘ಆಯಿತು’ ಎನ್ನಬೇಡಿ. ನಿಘಂಟಿನಲ್ಲಿ ಪದ ತುಂಡಾದರೆ ನಗಬಹುದು. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಹೆಸರು ತುಂಡಾದರೆ?

ಯಾರ ಫೋನಿಗಾಗಿ?

‘ಈಗಿನ ಫೋನುಗಳಲ್ಲಿ ಬೇಕಾದಷ್ಟು ಸ್ಮೃತಿ ಇದೆಯಲ್ಲ, ಇದೆಲ್ಲ ಏಕೆ?’ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ 2017ರಲ್ಲಿ ಬಂದ ಜಿಯೋಫೋನಿನ ಸ್ಮೃತಿ 512 ಮೆಗಾಬೈಟ್. ಅದೇ ವರ್ಷ ಗೂಗಲ್ ಕಂಪನಿ ಒಂದು ಗಿಗಾಬೈಟ್ ಅಥವಾ ಅದಕ್ಕಿಂತ ಕಡಿಮೆ ಸ್ಮೃತಿಯ ಫೋನುಗಳಿಗೆಂದೇ ‘ಆಂಡ್ರಾಯ್ಡ್ ಗೋ’ ಹೊರತಂದಿತು. ಅದರಲ್ಲೂ ಬಹುಭಾಗ ಫೋನಿನ ಸ್ವಂತ ಕೆಲಸಕ್ಕೇ ಹೋಗುತ್ತದೆ. ಮನೆಯ ಮಕ್ಕಳ ಕೈಗೆ ಬರುವುದು ಸಾಮಾನ್ಯವಾಗಿ ಹಿರಿಯರು ಬಳಸಿ ಬಿಟ್ಟ ಇಂಥ ಫೋನೇ. ಪಾಠ, ಫಲಿತಾಂಶ, ಅರ್ಜಿ ಎಲ್ಲವೂ ಅದರಲ್ಲೇ ಆಗಬೇಕು. ಹೊಸ ಫೋನಿನಲ್ಲಿ ಮಾತ್ರ ತೆರೆದುಕೊಳ್ಳುವ ಆ್ಯಪ್, ಅದರ ಅಗತ್ಯ ಯಾರಿಗೆ ಹೆಚ್ಚಿದೆಯೋ ಅವರನ್ನೇ ಬಾಗಿಲ ಹೊರಗೆ ನಿಲ್ಲಿಸುತ್ತದೆ.

ಪೋಷಕರಲ್ಲಿ ಒಂದು ಮಾತು. ಮಗನೋ ಮಗಳೋ ಆ್ಯಪ್ ಬರೆಯಲು ಕಲಿಯುತ್ತಿದ್ದರೆ ಮನೆಯ ಹಳೆಯ ಫೋನನ್ನು ಗುಜರಿಗೆ ಹಾಕಬೇಡಿ. ಅದರಷ್ಟು ಕಟ್ಟುನಿಟ್ಟಾದ ಪರೀಕ್ಷಕ ಇನ್ನೊಬ್ಬನಿಲ್ಲ.

ಈಗ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ. ನಮ್ಮ ಒಂದು ಲಕ್ಷ ಪದಗಳ ನಿಘಂಟು ಮೆರವಣಿಗೆಯಂತೆ ಒಮ್ಮೆ ಮಾತ್ರ ನಿಮ್ಮ ಮುಂದೆ ಹಾದುಹೋಗುತ್ತದೆ.

1. ‘ಕ’ ಅಕ್ಷರದಿಂದ ಶುರುವಾಗುವ ಪದಗಳೆಷ್ಟು ಎಂದು ಹೇಳಲು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದದ್ದೇನು? ಒಂದೇ ಒಂದು ಸಂಖ್ಯೆ.

2. ಅತ್ಯಂತ ಉದ್ದವಾದ ಪದ ಯಾವುದು ಎಂದು ಹೇಳಲು? ಅಲ್ಲಿಯವರೆಗೆ ಕಂಡ ಅತಿ ಉದ್ದದ ಪದವೊಂದು ಸಾಕು.

3. ಪದಗಳು ಅಡ್ಡಾದಿಡ್ಡಿಯಾಗಿ ಬರುತ್ತಿದ್ದು, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ ಕೊಡಬೇಕಾದರೆ?

ಮೂರನೆಯದಕ್ಕೆ ಉತ್ತರವನ್ನು ನೀವೇ ಯೋಚಿಸಿ. ಒಂದು ಸುಳಿವು: ಅಂಗಳ ಚಿಕ್ಕದಾದರೂ ಊರಿನಲ್ಲಿ ಕಣಜಗಳು ಬೇಕಾದಷ್ಟಿವೆ.